ಎಲ್ವಿಸ್ ಸತ್ತಿಲ್ಲವಂತೆ!

1988ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಕಲಮಝೂ ಎಂಬ ಊರು ಇದ್ದಕ್ಕಿದ್ದಂತೆ ಪತ್ರಿಕೆಗಳಲ್ಲಿ ಮಿಂಚಿತು. ಆ ಭಾಗದ ಗೃಹಿಣಿಯೊಬ್ಬರು ದಿನಸಿ ಅಂಗಡಿಯ ಸಾಲಿನಲ್ಲಿ ಒಬ್ಬ ವ್ಯಕ್ತಿಯನ್ನು ಕಂಡುದಾಗಿ ಹೇಳಿದ್ದರು. ಬಿಳಿಯ ಉಡುಪು ತೊಟ್ಟಿದ್ದ ಆತ ಕರೆಂಟಿನ ಫ್ಯೂಸ್ ಒಂದನ್ನು ಕೊಳ್ಳುತ್ತಿದ್ದನಂತೆ. ಫ್ಯೂಸ್ ಕೊಳ್ಳುವುದು ಸುದ್ದಿಯೇ ಎಂದು ಕೇಳಬಹುದು. ಕೊಳ್ಳುತ್ತಿದ್ದವನು ಸತ್ತು ಹತ್ತು ವರ್ಷವಾಗಿದ್ದ ಎಲ್ವಿಸ್ ಪ್ರೆಸ್ಲಿ ಎಂದರೆ ಸುದ್ದಿಯಾಗದೆ ಇರುತ್ತದೆಯೇ?

ಅಲ್ಲಿಂದ ಮುಂದೆ ಎಲ್ವಿಸ್ ಎಲ್ಲೆಲ್ಲೂ ಕಾಣಿಸಿಕೊಳ್ಳತೊಡಗಿದ. ಒಬ್ಬರಿಗೆ ತಿಂಡಿ ಅಂಗಡಿಯಲ್ಲಿ, ಇನ್ನೊಬ್ಬರಿಗೆ ಪೆಟ್ರೋಲ್ ಬಂಕಿನಲ್ಲಿ. 1990ರಲ್ಲಿ ಬಂದ ‘ಹೋಮ್ ಅಲೋನ್’ ಚಿತ್ರದ ವಿಮಾನ ನಿಲ್ದಾಣದ ದೃಶ್ಯದಲ್ಲಿ ಹಿಂದೆ ನಿಂತಿದ್ದ ಗಡ್ಡಧಾರಿಯೂ ಎಲ್ವಿಸ್‌ನೇ ಎಂದು ಕೆಲವರು ಪಟ್ಟು ಹಿಡಿದರು. ಆತ ಸಣ್ಣಪುಟ್ಟ ಪಾತ್ರ ಮಾಡುವ ಒಬ್ಬ ನಟನೆಂದು ಗುರುತಿಸಿದ ಮೇಲೂ ಮಾತು ನಿಲ್ಲಲಿಲ್ಲ.

ಇದನ್ನು ಓದಿ ನಕ್ಕು ಪುಟ ತಿರುಗಿಸಿಬಿಡಬಹುದು. ಆದರೆ ಈ ಅಂತೆಕಂತೆಯ ಸಂತೆಯ ಹಿಂದೆ, ಮಕ್ಕಳೂ ತಂದೆತಾಯಿಗಳೂ ತಿಳಿದಿರಬೇಕಾದ ಗಂಭೀರ ಸಂಗತಿಯೊಂದು ಅಡಗಿದೆ. ಅದನ್ನು ಕಾಣಬೇಕಾದರೆ ಮೊದಲು ಆ ಮನುಷ್ಯನ ಕಥೆ ತಿಳಿಯಬೇಕು.

ಬಡವರ ಮನೆಯ ಹುಡುಗ

ಎಲ್ವಿಸ್ ಹುಟ್ಟಿದ್ದು 1935ರ ಜನವರಿ 8ರಂದು, ಮಿಸಿಸಿಪ್ಪಿ ರಾಜ್ಯದ ಟ್ಯುಪೆಲೊ ಎಂಬ ಊರಿನ ಎರಡು ಕೋಣೆಯ ಮರದ ಮನೆಯಲ್ಲಿ. ಆತ ಅವಳಿ ಮಕ್ಕಳಲ್ಲಿ ಒಬ್ಬ. ಜೊತೆಯ ಮಗು ಹುಟ್ಟುವಾಗಲೇ ತೀರಿಕೊಂಡಿತ್ತು. ಉಳಿದ ಒಬ್ಬನೇ ಮಗನನ್ನು ತಾಯಿ ಗ್ಲಾಡಿಸ್ ಕಣ್ಣರೆಪ್ಪೆಯಂತೆ ಕಾಪಾಡಿದಳು. ಮುಂದೆ ಕುಟುಂಬ ಟೆನೆಸ್ಸಿ ರಾಜ್ಯದ ಮೆಂಫಿಸ್ ನಗರಕ್ಕೆ ಬಂತು. ಶಾಲೆ ಮುಗಿಸಿ ಲಾರಿ ಓಡಿಸುತ್ತಿದ್ದ ಹುಡುಗ 1954ರ ಜುಲೈಯಲ್ಲಿ ಅಲ್ಲಿನ ‘ಸನ್’ ಎಂಬ ಪುಟ್ಟ ಧ್ವನಿಮುದ್ರಣ ಸಂಸ್ಥೆಯಲ್ಲಿ ಹಾಡಿದ ಹಾಡು ಅವನ ಹಣೆಬರಹವನ್ನೇ ಬದಲಿಸಿತು. ಕಪ್ಪು ಜನರ ಬ್ಲೂಸ್ ಸಂಗೀತವೂ ಬಿಳಿಯರ ಹಳ್ಳಿಹಾಡೂ ಅವನ ಕಂಠದಲ್ಲಿ ಒಂದಾದವು. ಎರಡೇ ವರ್ಷಗಳಲ್ಲಿ ಆತ ಅಮೆರಿಕದ ಮನೆಮಾತಾದ. ಜನ ಅವನನ್ನು ‘ರಾಜ’ ಎಂದೇ ಕರೆದರು. 1973ರ ಜನವರಿಯಲ್ಲಿ ಹವಾಯಿಯಲ್ಲಿ ಅವನು ನಡೆಸಿಕೊಟ್ಟ ಕಛೇರಿ ಕೃತಕ ಉಪಗ್ರಹದ ಮೂಲಕ ಹಲವು ದೇಶಗಳಿಗೆ ಪ್ರಸಾರವಾಯಿತು.

ಆದರೆ ಅಷ್ಟು ಹೊತ್ತಿಗೆ ರಾಜನ ಆರೋಗ್ಯ ಹದಗೆಡುತ್ತಿತ್ತು. ಕಡೆಯ ವರ್ಷಗಳಲ್ಲಿ ಮೈ ಊದಿಕೊಂಡಿತು, ಮಾತು ತೊದಲಿತು, ವೇದಿಕೆಯ ಮೇಲೆ ಹಾಡಿನ ಸಾಲುಗಳೇ ಮರೆತುಹೋಗುತ್ತಿದ್ದವು. 1977ರ ಜೂನ್ 26ರಂದು ಇಂಡಿಯಾನಪೊಲಿಸ್‌ನಲ್ಲಿ ಹಾಡಿದ್ದೇ ಅವನ ಕೊನೆಯ ಕಛೇರಿ.

ಅದೇ ವರ್ಷ ಆಗಸ್ಟ್ 16ರ ಮಧ್ಯಾಹ್ನ, ಮೆಂಫಿಸ್‌ನ ತನ್ನ ಬಂಗಲೆ ‘ಗ್ರೇಸ್‌ಲ್ಯಾಂಡ್’ನ ಸ್ನಾನದ ಮನೆಯ ನೆಲದ ಮೇಲೆ ಎಲ್ವಿಸ್ ಬಿದ್ದಿದ್ದ. ಅವನನ್ನು ಮದುವೆಯಾಗಬೇಕಿದ್ದ ಯುವತಿ ಮೊದಲು ಕಂಡಳು. ದೇಹ ಆಗಲೇ ತಣ್ಣಗಾಗಿ ಸೆಟೆದುಕೊಂಡಿತ್ತು. ಆಸ್ಪತ್ರೆಗೆ ಒಯ್ದರೂ ಪ್ರಯೋಜನವಾಗಲಿಲ್ಲ. ಸಂಜೆ 3.30ಕ್ಕೆ ಸಾವನ್ನು ಘೋಷಿಸಲಾಯಿತು. ವಯಸ್ಸು 42. ಒಂಬತ್ತು ವರ್ಷದ ಮಗಳು ಲೀಸಾ ಮೇರಿ ಆ ದಿನ ಅದೇ ಮನೆಯಲ್ಲಿದ್ದಳು.

ಮರುದಿನ ಅಂತಿಮ ದರ್ಶನಕ್ಕೆ ಹತ್ತಾರು ಸಾವಿರ ಮಂದಿ ಬಂದರು. 18ರಂದು ಶವವನ್ನು ಫಾರೆಸ್ಟ್ ಹಿಲ್ ಸ್ಮಶಾನದಲ್ಲಿ ತಾಯಿಯ ಸನಿಹದಲ್ಲಿ ಇರಿಸಲಾಯಿತು. ತಿಂಗಳು ಮುಗಿಯುವಷ್ಟರಲ್ಲಿ ಅದನ್ನು ಕದಿಯಲು ಹೊಂಚು ಹಾಕಿದ್ದಾರೆಂಬ ಆರೋಪದ ಮೇಲೆ ಕೆಲವರನ್ನು ಪೊಲೀಸರು ಹಿಡಿದರು. ಹೀಗಾಗಿ ಅಕ್ಟೋಬರ್ 2ರಂದು ತಾಯಿ ಮಗ ಇಬ್ಬರ ಶವಪೆಟ್ಟಿಗೆಗಳನ್ನೂ ಗ್ರೇಸ್‌ಲ್ಯಾಂಡ್‌ನ ಆವರಣಕ್ಕೆ ತಂದು ಸಮಾಧಿ ಮಾಡಲಾಯಿತು.

‘ಸಾಕ್ಷ್ಯ’ಗಳ ಸರಮಾಲೆ

ಇಷ್ಟು ಬಹಿರಂಗವಾಗಿ ನಡೆದ ಸಾವನ್ನು ಸುಳ್ಳೆನ್ನಲು ಏನು ಆಧಾರ? ನಂಬುವವರ ಬತ್ತಳಿಕೆಯಲ್ಲಿ ಬಾಣಗಳಿಗೇನೂ ಕೊರತೆಯಿಲ್ಲ.

ಮೊದಲನೆಯದು ಸಮಾಧಿಯ ಕಲ್ಲು. ಎಲ್ವಿಸ್‌ನ ನಡುವಿನ ಹೆಸರು ‘ಏರನ್’. ಹುಟ್ಟಿದಾಗಿನ ಕಾಗದಪತ್ರದಲ್ಲಿ ಅದಕ್ಕೆ ಇಂಗ್ಲಿಷಿನ ‘ಎ’ ಅಕ್ಷರ ಒಂದೇ. ಕಲ್ಲಿನ ಮೇಲೆ ಎರಡು. ‘ಬದುಕಿರುವ ಮಗನ ಹೆಸರನ್ನು ಸಮಾಧಿಯ ಮೇಲೆ ಬರೆಸಲು ತಂದೆಗೆ ಮನಸ್ಸು ಬರಲಿಲ್ಲ, ಬೇಕೆಂದೇ ತಪ್ಪು ಕೆತ್ತಿಸಿದ’ ಎಂಬುದು ವಾದ. ಆದರೆ ಬೈಬಲ್ಲಿನಲ್ಲಿ ಆ ಹೆಸರಿಗೆ ಎರಡು ‘ಎ’ಗಳಿವೆ, ಎಲ್ವಿಸ್ ಕೂಡ ಕೊನೆಗಾಲದಲ್ಲಿ ಹಾಗೆಯೇ ಬರೆಯಲು ಬಯಸಿದ್ದ. ನಮ್ಮಲ್ಲಿ ಶಾಲಾ ದಾಖಲೆಯಲ್ಲೊಂದು, ಪಡಿತರ ಚೀಟಿಯಲ್ಲೊಂದು ಎಂದು ಹೆಸರಿನ ಕಾಗುಣಿತ ಬದಲಾಗುವುದನ್ನು ಕಂಡವರಿಗೆ ಇದು ಸೋಜಿಗವೇ ಅಲ್ಲ.

ಎರಡನೆಯದು ಶವಪೆಟ್ಟಿಗೆ. ಅದರ ತೂಕ 900 ಪೌಂಡ್, ಅಂದರೆ 400 ಕಿಲೋಗ್ರಾಂಗೂ ಹೆಚ್ಚು. ‘ಒಳಗಿದ್ದದ್ದು ಮೇಣದ ಬೊಂಬೆ, ಅದು ಕರಗದಿರಲೆಂದು ತಂಪುಯಂತ್ರ ಅಡಗಿಸಿದ್ದರು. ಆದರೂ ಬೊಂಬೆಯ ಮುಖ ಬೆವರುತ್ತಿತ್ತು’ ಎಂದು ಕಥೆ. ತೂಕದ ಗುಟ್ಟು ಸರಳ: ಪೆಟ್ಟಿಗೆ ತಾಮ್ರದ್ದು. ಒಂದು ಲೀಟರ್ ನೀರು ಹಿಡಿಸುವಷ್ಟು ಜಾಗದಲ್ಲಿ ಒಂಬತ್ತು ಕಿಲೋಗ್ರಾಂನಷ್ಟು ತಾಮ್ರ ಹಿಡಿಸುತ್ತದೆ. ಇನ್ನು ಬೆವರಿನ ಮಾತು. ಮೇಣ ಬಿಸಿಯಾದರೆ ಮೆತ್ತಗಾಗುತ್ತದೆ, ಕರಗುತ್ತದೆ, ಮನುಷ್ಯನಂತೆ ಬೆವರುವುದಿಲ್ಲ. ಐಸು ಹಾಕಿದ ಲೋಟವನ್ನು ಸೆಕೆಗಾಲದಲ್ಲಿ ಮೇಜಿನ ಮೇಲಿಟ್ಟರೆ ಹೊರಮೈಯಲ್ಲಿ ನೀರಹನಿ ಮೂಡುವುದನ್ನು ಪ್ರತಿ ವಿದ್ಯಾರ್ಥಿಯೂ ಕಂಡಿರುತ್ತಾನೆ. ಗಾಳಿಯಲ್ಲಿನ ನೀರಾವಿ ತಣ್ಣನೆಯ ಮೈಗೆ ತಾಗಿ ಹನಿಗಟ್ಟುತ್ತದೆ. ಆಗಸ್ಟಿನ ಮೆಂಫಿಸ್ ಸೆಕೆಗೆ ಹೆಸರಾದ ಊರು. ತಂಪಿನಲ್ಲಿರಿಸಿದ್ದ ಶವವನ್ನು ಆ ಗಾಳಿಗೆ ತಂದಾಗ ಯಾರಾದರೂ ಹನಿಗಳನ್ನು ಕಂಡಿದ್ದರೆ ಅದು ಪವಾಡವಲ್ಲ, ಪಂಚನಾಮೆಯೂ ಬೇಕಿಲ್ಲ. ಹೈಸ್ಕೂಲಿನ ಭೌತಶಾಸ್ತ್ರ ಸಾಕು.

ಮೂರನೆಯದು ವಿಮಾನದ ಟಿಕೆಟ್. ಎಲ್ವಿಸ್ ಹೋಟೆಲುಗಳಲ್ಲಿ ಜನರ ಕಾಟ ತಪ್ಪಿಸಿಕೊಳ್ಳಲು ‘ಜಾನ್ ಬರೋಸ್’ ಎಂಬ ಹೆಸರು ಬಳಸುತ್ತಿದ್ದದ್ದು ನಿಜ. ಸತ್ತ ದಿನ ಅದೇ ಹೆಸರಿನವನೊಬ್ಬ ಮೆಂಫಿಸ್‌ನಲ್ಲಿ ಬ್ಯೂನಸ್ ಐರಿಸ್‌ಗೆ ಟಿಕೆಟ್ ಕೊಂಡನಂತೆ. ಆ ಕಾಲದಲ್ಲಿ ಮೆಂಫಿಸ್‌ನಿಂದ ಅರ್ಜೆಂಟೀನಕ್ಕೆ ನೇರ ವಿಮಾನವೇ ಇರಲಿಲ್ಲ. ಟಿಕೆಟನ್ನಾಗಲಿ ಪ್ರಯಾಣಿಕರ ಪಟ್ಟಿಯನ್ನಾಗಲಿ ಯಾರೂ ಮುಂದಿಟ್ಟಿಲ್ಲ.

ನಾಲ್ಕನೆಯದು ಅಂಕಿ ಅಕ್ಷರಗಳ ಆಟ. ಸತ್ತ ದಿನಾಂಕದ 8, 16, 1977 ಮೂರನ್ನೂ ಕೂಡಿದರೆ 2001. ಎಲ್ವಿಸ್ ವೇದಿಕೆಗೆ ಬರುವಾಗ ನುಡಿಸುತ್ತಿದ್ದದ್ದು ‘2001’ ಎಂಬ ಅಂಕಿಯನ್ನೇ ಹೆಸರಾಗಿ ಹೊತ್ತ ಚಲನಚಿತ್ರದಿಂದ ಜನಪ್ರಿಯವಾದ ಸಂಗೀತ. ಅದರ ಜೊತೆಗೆ ಇಂಗ್ಲಿಷಿನಲ್ಲಿ ‘ಎಲ್ವಿಸ್’ ಎಂಬುದರ ಅಕ್ಷರ ಅದಲುಬದಲು ಮಾಡಿದರೆ ‘ಲಿವ್ಸ್’, ಅಂದರೆ ‘ಬದುಕಿದ್ದಾನೆ’! ಕೇಳಲು ಮೈ ಜುಮ್ಮೆನ್ನುತ್ತದೆ. ಆದರೆ ಬೇರೆಬೇರೆ ಐದು ಅಕ್ಷರಗಳನ್ನು 120 ಬಗೆಯಲ್ಲಿ ಜೋಡಿಸಬಹುದು. ಇದೇ ಐದರಿಂದ ‘ಕೆಡುಕುಗಳು’ ಎಂಬರ್ಥದ ಪದವೂ ‘ಮುಸುಕುಗಳು’ ಎಂಬರ್ಥದ ಪದವೂ ಇಂಗ್ಲಿಷಿನಲ್ಲಿ ಆಗುತ್ತವೆ. ಬೇಕಾದ ಒಂದನ್ನು ಹೆಕ್ಕಿ ಬೇಡವಾದದ್ದನ್ನು ಬಿಟ್ಟರೆ ಯಾವುದನ್ನು ಬೇಕಾದರೂ ‘ಸಾಬೀತು’ ಮಾಡಬಹುದು.

ಶವಪೆಟ್ಟಿಗೆಯಲ್ಲಿ ಮಲಗಿದ್ದ ಎಲ್ವಿಸ್‌ನ ಚಿತ್ರವನ್ನು ಒಂದು ಅಗ್ಗದ ವಾರಪತ್ರಿಕೆ 1977ರ ಸೆಪ್ಟೆಂಬರಿನಲ್ಲಿ ಮುಖಪುಟದಲ್ಲೇ ಅಚ್ಚುಹಾಕಿತ್ತು. ಅದರಿಂದ ಸಂಶಯ ತೀರಬೇಕಿತ್ತಲ್ಲವೇ? ನಂಬುವವರು ಚಿತ್ರವನ್ನು ನೋಡಿ ‘ಮೂಗು ಅವನದಲ್ಲ’ ಎಂದರು! ಸಾವಿಗೆ ಸಾಕ್ಷಿಯಾಗಬೇಕಿದ್ದದ್ದೇ ಮೇಣದ ಬೊಂಬೆಗೆ ಸಾಕ್ಷಿಯಾಯಿತು. ಇಲ್ಲಿಯೇ ಇಂಥ ಕಥೆಗಳ ಮರ್ಮವಿದೆ. ಯಾವ ಸಾಕ್ಷ್ಯ ತಂದರೂ ಅದು ತಮ್ಮ ಪರವೇ ಎನ್ನುವ ವಾದವನ್ನು ಸೋಲಿಸಲು ಬರುವುದಿಲ್ಲ. ಸೋಲಿಸಲು ಬಾರದ್ದು ಗಟ್ಟಿಯಾದದ್ದು ಎಂದು ತಿಳಿಯುವುದು ತಪ್ಪು. ‘ಹೀಗಾದರೆ ನನ್ನ ಮಾತು ಸುಳ್ಳು’ ಎಂದು ಮೊದಲೇ ಹೇಳಬಲ್ಲದ್ದು ವಿಜ್ಞಾನ. ಹಾಗೆ ಹೇಳಲಾಗದ್ದು ಬರಿಯ ನಂಬಿಕೆ.

ಬದುಕಿದ್ದವನನ್ನೂ ಕೊಂದರು!

ಇದೇ ತರ್ಕ ಉಲ್ಟಾ ತಿರುಗಿದ್ದೂ ಉಂಟು. 1969ರ ಅಕ್ಟೋಬರಿನಲ್ಲಿ, ಇಂಗ್ಲೆಂಡಿನ ‘ಬೀಟಲ್ಸ್’ ತಂಡದ ಪಾಲ್ ಮೆಕಾರ್ಟ್ನಿ ಎಂದೋ ಅಪಘಾತದಲ್ಲಿ ಸತ್ತಿದ್ದಾನೆ, ಈಗಿರುವವನು ಅವನಂತೆಯೇ ಕಾಣುವ ಬದಲಿ ಮನುಷ್ಯ ಎಂಬ ಗುಲ್ಲು ಅಮೆರಿಕದಲ್ಲಿ ಎದ್ದಿತು. ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಅವನು ಬರಿಗಾಲಲ್ಲಿ ರಸ್ತೆ ದಾಟುತ್ತಿರುವುದೇ ಸಾವಿನ ಸಂಕೇತವಂತೆ. ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ತಮ್ಮ ಪತ್ರಿಕೆಯಲ್ಲಿ ಇಂಥ ‘ಸುಳಿವು’ಗಳ ಪಟ್ಟಿಯನ್ನೇ ಬರೆದ, ಅದರಲ್ಲಿ ಹಲವನ್ನು ತಮಾಷೆಗೆ ತಾನೇ ಹೆಣೆದೆನೆಂದು ಆಮೇಲೆ ಒಪ್ಪಿಕೊಂಡ. ಕೊನೆಗೆ ‘ಲೈಫ್’ ಪತ್ರಿಕೆಯವರು ಸ್ಕಾಟ್‌ಲೆಂಡಿನ ಹೊಲಮನೆಗೆ ಹೋಗಿ ಹೆಂಡತಿ ಮಕ್ಕಳೊಡನಿದ್ದ ಪಾಲ್‌ನ ಚಿತ್ರವನ್ನು ಮುಖಪುಟದಲ್ಲಿ ಹಾಕಬೇಕಾಯಿತು. ಸತ್ತವನನ್ನು ಬದುಕಿಸುವ, ಬದುಕಿದ್ದವನನ್ನು ಸಾಯಿಸುವ ಉಪಾಯ ಒಂದೇ: ಮೊದಲು ತೀರ್ಪು, ಆಮೇಲೆ ಸಾಕ್ಷ್ಯದ ಹುಡುಕಾಟ.

ಗುಲ್ಲಿನ ಹಿಂದೆ ವ್ಯಾಪಾರವೂ ಇತ್ತು. 1979ರಲ್ಲಿ, ಎಲ್ವಿಸ್ ಮೊದಲು ಹಾಡಿದ ಅದೇ ‘ಸನ್’ ಹೆಸರಿನ ಸಂಸ್ಥೆ ‘ಓರಿಯನ್’ ಎಂಬ ಮುಖವಾಡದ ಗಾಯಕನನ್ನು ಮಾರುಕಟ್ಟೆಗೆ ಬಿಟ್ಟಿತು. ಆತ ಜಿಮ್ಮಿ ಎಲ್ಲಿಸ್. ಅವನ ದನಿ ಎಲ್ವಿಸ್‌ನ ದನಿಯನ್ನು ಬಹಳ ಹೋಲುತ್ತಿತ್ತು. ಮುಖವಾಡದ ಹಿಂದೆ ಯಾರಿರಬಹುದೆಂಬ ಕುತೂಹಲವೇ ಬಂಡವಾಳ. ಸ್ವಂತ ಮುಖ, ಸ್ವಂತ ಹೆಸರಿನಿಂದ ಹಾಡಬೇಕೆಂಬ ಅವನ ಆಸೆ ಕೊನೆಗೂ ಸರಿಯಾಗಿ ಕೈಗೂಡಲಿಲ್ಲ. 1988ರಲ್ಲಿ ‘ಎಲ್ವಿಸ್ ಬದುಕಿದ್ದಾನೆಯೇ?’ ಎಂದು ಕೇಳುವ ಇಂಗ್ಲಿಷ್ ಪುಸ್ತಕವೊಂದು, ಎಲ್ವಿಸ್‌ನದೇ ದನಿ ಎನ್ನಲಾದ ಕ್ಯಾಸೆಟ್ಟಿನ ಸಮೇತ ಮಾರಾಟವಾಯಿತು. ಕಲಮಝೂ ಸುದ್ದಿ ಎದ್ದದ್ದೂ ಅದೇ ವರ್ಷ.

ಅಂಚೆ ಇಲಾಖೆ ಮಾತ್ರ ಈ ಗದ್ದಲಕ್ಕೆ ಕಿವಿಗೊಡಲಿಲ್ಲ. ಸತ್ತು ಹತ್ತು ವರ್ಷವಾಗದವರ ಚಿತ್ರವನ್ನು ಅಂಚೆಚೀಟಿಯ ಮೇಲೆ ಹಾಕಬಾರದೆಂಬುದು ಆಗಿನ ಅಮೆರಿಕದಲ್ಲಿದ್ದ ನಿಯಮ. 1993ರ ಜನವರಿ 8ರಂದು, ಎಲ್ವಿಸ್‌ನ ಜನ್ಮದಿನದಂದೇ, ಅವನ ಅಂಚೆಚೀಟಿ ಹೊರಬಂತು.

ಬೆಂಕಿ ಎಲ್ಲಿತ್ತು?

ಬೆಂಕಿಯಿಲ್ಲದೆ ಹೊಗೆಯಾಡದು ಎನ್ನುತ್ತಾರೆ. ಇಲ್ಲಿಯೂ ಬೆಂಕಿ ಇತ್ತು, ಆದರೆ ಜನ ಹುಡುಕಿದ ಕಡೆ ಅಲ್ಲ.

ಸತ್ತ ದಿನದ ಸಂಜೆಯೇ, ಶವಪರೀಕ್ಷೆಯ ಕೆಲಸ ಪೂರ್ತಿ ಮುಗಿಯುವ ಮೊದಲೇ, ಸರ್ಕಾರಿ ವೈದ್ಯಾಧಿಕಾರಿ ಪತ್ರಕರ್ತರ ಮುಂದೆ ಬಂದು ಸಾವಿಗೆ ಹೃದಯ ಬಡಿತದ ಏರುಪೇರು ಕಾರಣವೆಂದರು. ಮಾದಕ ವಸ್ತುಗಳ ಮಾತನ್ನು ತಳ್ಳಿಹಾಕಿದರು. ಶವಪರೀಕ್ಷೆ ಕುಟುಂಬದ ಕೋರಿಕೆಯ ಮೇಲೆ ನಡೆದದ್ದರಿಂದ ಅದರ ವರದಿ ಸಾರ್ವಜನಿಕ ದಾಖಲೆಯಾಗದೆ ಮನೆಯವರ ಸೊತ್ತಾಯಿತು. ಆದರೆ ರಕ್ತ, ಅಂಗಾಂಶಗಳ ಮಾದರಿಗಳನ್ನು ಕಳುಹಿಸಿದ್ದ ಪ್ರಯೋಗಾಲಯದ ಫಲಿತಾಂಶ ಬೇರೆಯದೇ ಕಥೆ ಹೇಳಿತು. ದೇಹದಲ್ಲಿ ಹದಿನಾಲ್ಕು ಔಷಧಗಳು ಸಿಕ್ಕವು. ನೋವು ನಿವಾರಕ ಕೋಡೀನ್‌ನ ಪ್ರಮಾಣ ಚಿಕಿತ್ಸೆಗೆ ಬೇಕಾದುದರ ಸುಮಾರು ಹತ್ತು ಪಟ್ಟು ಇತ್ತು. 1979ರಲ್ಲಿ ಎಬಿಸಿ ದೂರದರ್ಶನ ಸಂಸ್ಥೆ ಈ ಮುಚ್ಚುಮರೆಯನ್ನು ಬಯಲಿಗೆ ತಂದಿತು.

ಇವು ಗಲ್ಲಿಗಳಲ್ಲಿ ಕದ್ದು ಮಾರುವ ಪದಾರ್ಥಗಳಲ್ಲ. ವೈದ್ಯರ ಚೀಟಿಯ ಮೇಲೆ ಔಷಧ ಅಂಗಡಿಯಿಂದ ಬಂದ ಮಾತ್ರೆಗಳು: ನಿದ್ದೆ ಬರಿಸುವುದಕ್ಕೆ ಒಂದು, ಎಚ್ಚರವಿರುವುದಕ್ಕೆ ಒಂದು, ನೋವಿಗೆ ಒಂದು, ಹೊಟ್ಟೆ ಕಟ್ಟಿದರೆ ಇನ್ನೊಂದು. 1977ರ ಮೊದಲ ಎಂಟು ತಿಂಗಳಲ್ಲಿ ಅವನ ವೈದ್ಯ ಬರೆದುಕೊಟ್ಟದ್ದು ಹತ್ತು ಸಾವಿರಕ್ಕೂ ಹೆಚ್ಚು ಮಾತ್ರೆ ಚುಚ್ಚುಮದ್ದುಗಳ ಲೆಕ್ಕ. ಅದರಲ್ಲಿ ಒಂದಷ್ಟು ಸಂಗಡ ತಿರುಗುತ್ತಿದ್ದ ತಂಡದವರಿಗೆ, ತಾನು ಬರೆಯದಿದ್ದರೆ ಎಲ್ವಿಸ್ ಬೇರೆಯವರ ಬಳಿ ಹೋಗುತ್ತಿದ್ದ ಎಂದು ವೈದ್ಯ ವಾದಿಸಿದರು. 1981ರಲ್ಲಿ ಕ್ರಿಮಿನಲ್ ಮೊಕದ್ದಮೆಯಲ್ಲಿ ಅವರು ನಿರ್ದೋಷಿಯೆಂದು ಬಿಡುಗಡೆಯಾದರು. ಆದರೆ ಇತರ ರೋಗಿಗಳಿಗೂ ಮಿತಿಮೀರಿ ಔಷಧ ಬರೆದರೆಂದು 1995ರಲ್ಲಿ ಅವರ ವೈದ್ಯಕೀಯ ಪರವಾನಗಿಯನ್ನು ಶಾಶ್ವತವಾಗಿ ರದ್ದು ಮಾಡಲಾಯಿತು.

ಇನ್ನೊಂದು ವಿಪರ್ಯಾಸವನ್ನು ನೋಡಿ. 1970ರ ಡಿಸೆಂಬರ್ 21ರಂದು ಎಲ್ವಿಸ್ ಶ್ವೇತಭವನಕ್ಕೆ ಹೋಗಿ ಅಧ್ಯಕ್ಷ ನಿಕ್ಸನ್‌ರನ್ನು ಕಂಡಿದ್ದ. ಯುವಜನರನ್ನು ಮಾದಕ ವಸ್ತುಗಳಿಂದ ಉಳಿಸಲು ನೆರವಾಗುವೆನೆಂದು ಹೇಳಿ, ಮಾದಕ ವಸ್ತು ನಿಯಂತ್ರಣ ಇಲಾಖೆಯ ಬಿಲ್ಲೆಯನ್ನು ಕೇಳಿ ಪಡೆದಿದ್ದ. ಗುಪ್ತಚರನಾಗಿದ್ದ ಅವನು ಪಾತಕಿಗಳಿಂದ ತಪ್ಪಿಸಿಕೊಳ್ಳಲು ಸತ್ತಂತೆ ನಟಿಸಿದ ಎಂಬ ಕಥೆ ಹುಟ್ಟಿದ್ದು ಈ ಬಿಲ್ಲೆಯಿಂದಲೇ. ನಿಜವಾಗಿ ಆ ಬಿಲ್ಲೆ ಹೇಳುವುದು ಬೇರೆ. ಬೀದಿಯಲ್ಲಿ ಸಿಗುವುದು ಮಾತ್ರ ಮಾದಕ, ಡಾಕ್ಟರು ಬರೆದದ್ದೆಲ್ಲ ಮದ್ದು ಎಂದು ಎಲ್ವಿಸ್ ಪ್ರಾಮಾಣಿಕವಾಗಿ ನಂಬಿದ್ದ. ಔಷಧಗಳ ಗುಣಧರ್ಮ ವಿವರಿಸುವ ದಪ್ಪ ಗ್ರಂಥವನ್ನು ಬಳಿಯಲ್ಲೇ ಇಟ್ಟುಕೊಂಡು ಓದುತ್ತಿದ್ದ.

ಆದರೆ ರಕ್ತಕ್ಕೆ ಚೀಟಿಯ ಮೇಲಿನ ಸಹಿ ಗೊತ್ತಾಗುವುದಿಲ್ಲ. ಕೋಡೀನ್ ನಮ್ಮ ಯಕೃತ್ತಿನಲ್ಲಿ ಭಾಗಶಃ ಮಾರ್ಫೀನ್ ಆಗಿ ಬದಲಾಗುತ್ತದೆ. ಮಾರ್ಫೀನ್ ಮಿದುಳಿನ ಉಸಿರಾಟದ ಕೇಂದ್ರವನ್ನು ಮಂದಗೊಳಿಸುತ್ತದೆ. ನಿದ್ದೆ ಮಾತ್ರೆಗಳು ಮಾಡುವುದೂ ಅದನ್ನೇ. ಎರಡೂ ಸೇರಿದಾಗ ಒಂದಕ್ಕೊಂದು ಬಲ ತುಂಬುತ್ತವೆ. ದಿನ ಕಳೆದಂತೆ ದೇಹ ಔಷಧಕ್ಕೆ ಒಗ್ಗಿಕೊಂಡು, ಅದೇ ಪರಿಣಾಮಕ್ಕೆ ಹೆಚ್ಚು ಹೆಚ್ಚು ಮಾತ್ರೆ ಬೇಕಾಗುತ್ತದೆ. ಎಲ್ವಿಸ್‌ನ ಹೃದಯ ಮೊದಲೇ ಹಿಗ್ಗಿ ದಣಿದಿತ್ತು. 1994ರಲ್ಲಿ ಟೆನೆಸ್ಸಿ ಸರ್ಕಾರ ದಾಖಲೆಗಳನ್ನು ಮತ್ತೆ ಪರಿಶೀಲಿಸಿದಾಗ ತಜ್ಞರು ಹೃದಯಾಘಾತವೇ ಕಾರಣವೆಂದರು. ಹೃದಯದ ಪಾಲೆಷ್ಟು, ಮಾತ್ರೆಗಳ ಪಾಲೆಷ್ಟು ಎಂಬ ಚರ್ಚೆ ವೈದ್ಯರಲ್ಲಿ ಇಂದಿಗೂ ಇದೆ. ಆದರೆ ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ‘ಹೇಗೆ ಸತ್ತ?’ ಎಂಬುದು ಒಂದು ಪ್ರಶ್ನೆ, ‘ಸತ್ತನೇ?’ ಎಂಬುದು ಇನ್ನೊಂದು. ಮೊದಲನೆಯದರ ಉತ್ತರವನ್ನು ಮುಚ್ಚಿಟ್ಟದ್ದರಿಂದ ಎರಡನೆಯದಕ್ಕೆ ರೆಕ್ಕೆ ಬಂತು. ಅರ್ಧ ಸತ್ಯ ವದಂತಿಯನ್ನು ಹೆತ್ತಿತು, ವದಂತಿ ಪೂರ್ಣ ಸತ್ಯವನ್ನು ಹೂತಿತು. ‘ರಾಜ ಎಲ್ಲಿದ್ದಾನೆ?’ ಎಂದು ಹುಡುಕುವ ಭರದಲ್ಲಿ ‘ರಾಜ ಏಕೆ ಉಳಿಯಲಿಲ್ಲ?’ ಎಂದು ಕೇಳುವವರು ಕಡಿಮೆಯಾದರು.

ಕೇಳಬೇಕಾದ ಪ್ರಶ್ನೆ

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಹೇಳಿದ್ದು ಇದಕ್ಕೇ. ಇಂದು ವದಂತಿಗೆ ವಾರಪತ್ರಿಕೆಯೂ ಬೇಕಿಲ್ಲ, ಕ್ಯಾಸೆಟ್ಟೂ ಬೇಕಿಲ್ಲ. ಅಂಗೈಯಲ್ಲಿರುವ ಮೊಬೈಲು ಸಾಕು. ಸತ್ತವರ ದನಿಯಲ್ಲಿ ಹೊಸ ಹಾಡು ಹಾಡಿಸಬಲ್ಲ ಕಂಪ್ಯೂಟರುಗಳೂ ಬಂದಿವೆ. ಇಂಥ ಸುದ್ದಿ ಕಿವಿಗೆ ಬಿದ್ದಾಗ ವಿದ್ಯಾರ್ಥಿಗಳು ಕೇಳಬೇಕಾದದ್ದು ಕೆಲವೇ ಮಾತು. ಇದನ್ನು ಕಣ್ಣಾರೆ ಕಂಡವರು ಯಾರು? ದಾಖಲೆ ಎಲ್ಲಿ? ಇದಕ್ಕಿಂತ ಸರಳ ವಿವರಣೆ ಇದೆಯೇ? ಇದನ್ನು ನಂಬಿಸಿದರೆ ಯಾರಿಗೆ ಲಾಭ? ಎಷ್ಟು ಜನ ಎಷ್ಟು ಕಾಲ ಬಾಯಿ ಮುಚ್ಚಿಕೊಂಡಿರಬೇಕಾಗುತ್ತದೆ? ಎಲ್ವಿಸ್‌ನ ಪ್ರಕರಣದಲ್ಲಿ ಮನೆಯ ಆಳುಗಳು, ಆಂಬುಲೆನ್ಸಿನವರು, ಆಸ್ಪತ್ರೆಯ ದಾದಿಯರು, ಶವಪರೀಕ್ಷೆ ಮಾಡಿದ ವೈದ್ಯರು, ಶವಸಂಸ್ಕಾರದವರು ಎಲ್ಲರೂ ದಶಕಗಳ ಕಾಲ ಒಂದೇ ಸುಳ್ಳನ್ನು ಒಂದೇ ರೀತಿ ಹೇಳಬೇಕಿತ್ತು. ಶವಪೆಟ್ಟಿಗೆಯ ಒಂದು ಫೋಟೋವನ್ನೇ ಪತ್ರಿಕೆಯ ಕೈಗೆ ಸಿಗದಂತೆ ಕಾಯಲಾಗದ ಮನೆಯದು!

ತಂದೆತಾಯಿಗಳಿಗೂ ಇಲ್ಲಿ ಒಂದು ಕೆಲಸವಿದೆ. ಮನೆಯ ಕಪಾಟಿನಲ್ಲಿ ಹಿಂದೆ ಎಂದೋ ತಂದು ಉಳಿದ ನಿದ್ದೆ ಮಾತ್ರೆ, ನೋವಿನ ಮಾತ್ರೆ, ಕೆಮ್ಮಿನ ಔಷಧಗಳು ಇಲ್ಲದ ಮನೆ ಕಡಿಮೆ. ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರು ನುಂಗುವುದು, ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ತರುವುದು, ಪರೀಕ್ಷೆಯ ಹಿಂದಿನ ರಾತ್ರಿ ಎಚ್ಚರವಿರಲು ಮಾತ್ರೆ ಹುಡುಕುವುದು ನಮಗೆ ಹೊಸದಲ್ಲ. ಎರಡು ಕಡೆ ಚಿಕಿತ್ಸೆ ಪಡೆಯುವಾಗ ಒಬ್ಬ ವೈದ್ಯರು ಕೊಟ್ಟದ್ದನ್ನು ಮತ್ತೊಬ್ಬರಿಗೆ ಹೇಳಲೇಬೇಕು. ಜಗತ್ತಿನ ಸಿರಿಯೆಲ್ಲ ಕಾಲಬಳಿ ಇದ್ದವನನ್ನೂ ಮಾತ್ರೆ ಬಿಡಲಿಲ್ಲ.

ಇನ್ನು, ಎಲ್ವಿಸ್ ಎಲ್ಲೋ ಬದುಕಿದ್ದನೆಂದೇ ಒಂದು ಕ್ಷಣ ಭಾವಿಸೋಣ. 1958ರಲ್ಲಿ ತಾಯಿ ತೀರಿಕೊಂಡಾಗ ಶವಪೆಟ್ಟಿಗೆಯನ್ನು ತಬ್ಬಿ ಬಿಡಲೊಲ್ಲದೆ ಅತ್ತವನು ಅವನು. ಅಂಥವನು 1979ರಲ್ಲಿ ತಂದೆ ವರ್ನನ್ ಸತ್ತಾಗ ಬರಲಿಲ್ಲ. ಮರುವರ್ಷ ಅಜ್ಜಿ ಸತ್ತಾಗ ಬರಲಿಲ್ಲ. 2020ರಲ್ಲಿ ಮೊಮ್ಮಗ ತೀರಿಕೊಂಡಾಗಲೂ, 2023ರ ಜನವರಿಯಲ್ಲಿ ಒಬ್ಬಳೇ ಮಗಳು ಲೀಸಾ ಮೇರಿ 54ನೆಯ ವಯಸ್ಸಿಗೆ ಕಣ್ಣುಮುಚ್ಚಿದಾಗಲೂ ಬರಲಿಲ್ಲ. ಕಥೆ ಕಟ್ಟುವವರು ತಮ್ಮ ಪ್ರೀತಿಯ ನಾಯಕನನ್ನು ಎಂಥ ಕಲ್ಲೆದೆಯವನನ್ನಾಗಿ ಮಾಡಿದ್ದಾರೆಂಬುದನ್ನು ಅವರೇ ಯೋಚಿಸಿದಂತಿಲ್ಲ.

ಗ್ರೇಸ್‌ಲ್ಯಾಂಡ್ 1982ರಿಂದ ಸಾರ್ವಜನಿಕರಿಗೆ ತೆರೆದಿದೆ. ಪ್ರತಿವರ್ಷ ಆಗಸ್ಟ್ 15ರ ರಾತ್ರಿ ಅಲ್ಲಿ ಸಾವಿರಾರು ಮಂದಿ ಕೈಯಲ್ಲಿ ಮೇಣದ ಬತ್ತಿ ಹಿಡಿದು, ಸಾಲಾಗಿ, ಸದ್ದಿಲ್ಲದೆ ಸಮಾಧಿಯ ಮುಂದೆ ನಡೆದು ಹೋಗುತ್ತಾರೆ. ಅಲ್ಲಿ ತಂದೆ, ತಾಯಿ, ಅಜ್ಜಿ, ಮಗ ಒಟ್ಟಿಗೆ ಮಲಗಿದ್ದಾರೆ. ಸನಿಹದಲ್ಲೇ ಮಗಳೂ ಮೊಮ್ಮಗನೂ ಇದ್ದಾರೆ. ಹುಟ್ಟುವಾಗಲೇ ತೀರಿಕೊಂಡ ಅವಳಿ ಮಗುವಿನ ಹೆಸರಿನ ಫಲಕವೂ ಇದೆ. ಎಲ್ವಿಸ್‌ನನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದ ಆ ಜನ ಅವನನ್ನು ದಿನಸಿ ಅಂಗಡಿಯಲ್ಲಿ ಹುಡುಕುವುದಿಲ್ಲ. ಸತ್ತಿದ್ದಾನೆಂದು ಒಪ್ಪಿಕೊಂಡೇ, ಮನೆಗೆ ಹೋಗಿ ಅವನ ಹಾಡು ಹಾಕಿ ಕೇಳುತ್ತಾರೆ.